ಅಟ್ಟದಲ್ಲಿರುವ ಟೀವಿ ಗೇಮನ್ನು ಮತ್ತೆ ಆಡುವ ಹಾಗೆ ಮಾಡುವುದು ಹೇಗೆ?

ಹೋದ ದೀಪಾವಳಿಗೆ ಸಾಗರದ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಅಟ್ಟ ಗುಡಿಸುವಾಗ ಒಂದು ರಟ್ಟಿನ ಡಬ್ಬ ಕೈಗೆ ಸಿಕ್ಕಿತು. ಒಳಗೆ ಹಳೇ ಪಂಚೆಯ ತುಂಡು. ಅದರಲ್ಲಿ ಸುತ್ತಿಟ್ಟಿದ್ದು ನಮ್ಮ ಟೀವಿ ಗೇಮು. ಎರಡು ಜಾಯ್‌ಸ್ಟಿಕ್, ಒಂದು ಗನ್, ಆಟಗಳಿರುವ ನಾಲ್ಕು ಹಳದಿ ಕ್ಯಾಸೆಟ್. 1996ರ ಬೇಸಿಗೆ ರಜೆಯಲ್ಲಿ ಅಪ್ಪ ತಂದುಕೊಟ್ಟಿದ್ದು. ನಾನೂ ಅಕ್ಕನೂ ಎರಡು ವರ್ಷ ಅದರ ಮುಂದೆಯೇ ಕೂತಿದ್ದೆವು.

ಅದು ಈಗ ಚೆನ್ನಾಗಿ ಓಡುತ್ತಿದೆ. ಓಡಿಸಲು ಮೂರು ವಾರಾಂತ್ಯ ಬೇಕಾಯಿತು. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇರಬಹುದು. ಅದನ್ನು ಗುಜರಿಗೆ ಹಾಕುವ ಮೊದಲು ಇದನ್ನು ಓದಿ.

ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್, ಹೀಗೆ ಡಬ್ಬದ ಮೇಲಿನ ಹೆಸರು ಬೇರೆ ಬೇರೆ ಇರುತ್ತಿತ್ತು. ಒಳಗಿನ ಜೀವ ಮಾತ್ರ ಒಂದೇ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಹೊರತಂದ ಫ್ಯಾಮಿಕಾಂ ಯಂತ್ರದ ವಿನ್ಯಾಸ ಅದು. ಹಾಗಾಗಿ ಯಾವ ಹೆಸರಿನ ಸೆಟ್ಟಾದರೂ ರಿಪೇರಿಯ ದಾರಿ ಹೆಚ್ಚುಕಡಿಮೆ ಒಂದೇ.

ಮೊಬೈಲಲ್ಲಿ ಆಡಿದರೆ ಸಾಲದೇ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ನಾನೂ ಮೊಬೈಲಲ್ಲಿ ಮಾರಿಯೋ ಆಡಿ ನೋಡಿದ್ದೆ. ಏನೋ ಸರಿ ಇಲ್ಲ ಅನ್ನಿಸುತ್ತಿತ್ತು. ಮಾರಿಯೋ ವಿಪರೀತ ಜೋರಾಗಿ ಓಡುತ್ತಿದ್ದ. ಹಾಡೂ ಅವಸರದ್ದು. ವಯಸ್ಸಾಯಿತು, ಕೈ ಮೊದಲಿನ ಹಾಗಿಲ್ಲ ಅಂದುಕೊಂಡು ಸುಮ್ಮನಾದೆ. ಆಮೇಲೆ ಕಾರಣ ತಿಳಿದಾಗ ನಿಜವಾಗಿ ಖುಷಿಯಾಯಿತು.

ಜಪಾನ್, ಅಮೆರಿಕದ ಆಗಿನ ಟೀವಿಗಳು ಎನ್‌ಟಿಎಸ್‌ಸಿ ಪದ್ಧತಿಯವು. ಈ ಯಂತ್ರ ಅವುಗಳ ಮೇಲೆ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತದೆ. ನಮ್ಮ ದೇಶದ ಆಗಿನ ಟೀವಿಗಳು ಪಾಲ್ ಪದ್ಧತಿಯವು. ಅದರಲ್ಲಿ 50 ಸಲ. ಈ ಆಟಗಳಲ್ಲಿ ಎಲ್ಲ ಲೆಕ್ಕವೂ ಚಿತ್ರಕ್ಕೆ ತಕ್ಕ ಹಾಗೆ ನಡೆಯುತ್ತದೆ. ಒಂದು ಚಿತ್ರ ಬದಲಾದರೆ ಮಾರಿಯೋ ಒಂದಿಷ್ಟು ಮುಂದೆ ಹೋಗುತ್ತಾನೆ, ಹಾಡೂ ಒಂದಿಷ್ಟು ಮುಂದೆ ಹೋಗುತ್ತದೆ. ಆದ್ದರಿಂದ ಪಾಲ್ ಟೀವಿಗೆಂದೇ ಮಾಡಿದ ಸೆಟ್ಟಿನಲ್ಲಿ ಆಟ ಸುಮಾರು ಆರರಲ್ಲಿ ಒಂದು ಪಾಲಿನಷ್ಟು ನಿಧಾನ. ಹಾಡಿನ ಶ್ರುತಿ ಹೆಚ್ಚುಕಡಿಮೆ ಅದೇ, ಲಯ ಮಾತ್ರ ನಿಧಾನ. ನಮ್ಮ ಹೆಬ್ಬೆರಳು ಕಲಿತದ್ದು ಆ ನಿಧಾನದ ಲಯವನ್ನು. ಹೊಂಡ ದಾಟಲು ಯಾವ ಕ್ಷಣಕ್ಕೆ ಒತ್ತಬೇಕು ಅನ್ನುವುದನ್ನು 30 ವರ್ಷ ಆದರೂ ಬೆರಳು ಮರೆತಿರಲಿಲ್ಲ. ನಾನು ಆಡಿದ ಆಟ ನನಗೆ ಬೇಕಿದ್ದರೆ ನನ್ನ ಡಬ್ಬವನ್ನೇ ರಿಪೇರಿ ಮಾಡಬೇಕಿತ್ತು.

ಮೊದಲು ಅಡಾಪ್ಟರ್, ಅದೂ ಸೆಟ್ಟಿಗೆ ಹಾಕದೆ

ಡಬ್ಬ ಸಿಕ್ಕ ಕೂಡಲೇ ಟೀವಿಗೆ ಸಿಕ್ಕಿಸಿ ನೋಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಹೆಚ್ಚಿನ ಸೆಟ್ಟುಗಳು ಹಾಳಾಗುವುದು ಇದೇ ಹೊತ್ತಿನಲ್ಲಿ. ನಮ್ಮ ಚಿಕ್ಕಪ್ಪನ ಮಗ ಮನೆಯಲ್ಲಿದ್ದ ಯಾವುದೋ ಅಡಾಪ್ಟರ್ ಹಾಕಿದ. ಪಿನ್ ಸರಿಯಾಗಿ ಕೂತಿತ್ತು. ಸ್ವಿಚ್ ಹಾಕಿದ ಮೇಲೆ ಸಣ್ಣ ವಾಸನೆ ಬಂತು, ಅಷ್ಟೇ. ಆ ಸೆಟ್ಟು ಮತ್ತೆ ಏಳಲಿಲ್ಲ.

ಸೆಟ್ಟಿನ ತಳದಲ್ಲಿ ಅಥವಾ ಪವರ್ ತೂತಿನ ಪಕ್ಕ ನೋಡಿ. ಸಾಮಾನ್ಯವಾಗಿ 9 ವೋಲ್ಟ್ ಡಿಸಿ ಅಂತ ಬರೆದಿರುತ್ತದೆ. ಅದರ ಜೊತೆ ಒಂದು ಚಿಕ್ಕ ಗುರುತು ಇರುತ್ತದೆ: ನಡುವೆ ಚುಕ್ಕಿ, ಸುತ್ತ ಅರ್ಧ ವೃತ್ತ, ಎರಡು ಬದಿಗೆ ಪ್ಲಸ್ ಮತ್ತು ಮೈನಸ್. ಚುಕ್ಕಿಗೆ ಯಾವ ಚಿಹ್ನೆಯ ಗೆರೆ ಸೇರಿದೆಯೋ ಪಿನ್ನಿನ ಒಳಭಾಗ ಅದು. ಮೂಲ ಫ್ಯಾಮಿಕಾಮಿನಲ್ಲಿ ಒಳಭಾಗ ಮೈನಸ್. ಈಗ ಅಂಗಡಿಯಲ್ಲಿ ಸಿಗುವ ಬಹುತೇಕ ಅಡಾಪ್ಟರ್‌ಗಳಲ್ಲಿ ಒಳಭಾಗ ಪ್ಲಸ್. ಪಿನ್ನಿನ ಅಳತೆ ಒಂದೇ ಇರುವುದರಿಂದ ಮೋಸ ಹೋಗುವುದು ಸುಲಭ.

ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಅಡಾಪ್ಟರನ್ನು ಸೆಟ್ಟಿಗೆ ಸಿಕ್ಕಿಸದೆ, ಪ್ಲಗ್ಗಿಗೆ ಮಾತ್ರ ಹಾಕಿ. ಕೆಂಪು ಕಡ್ಡಿಯನ್ನು ಪಿನ್ನಿನ ಒಳಗೆ, ಕಪ್ಪು ಕಡ್ಡಿಯನ್ನು ಹೊರಮೈಗೆ ಹಿಡಿಯಿರಿ. ಅಂಕೆಯ ಎಡಕ್ಕೆ ಮೈನಸ್ ಬಂದರೆ ಒಳಭಾಗ ಮೈನಸ್ ಎಂದು ಅರ್ಥ. ಭಾರವಾದ ಹಳೇ ಅಡಾಪ್ಟರ್ ಆದರೆ 9 ವೋಲ್ಟಿನದ್ದು ಖಾಲಿ ಇರುವಾಗ 12, 13 ತೋರಿಸಬಹುದು. ಅದು ದೋಷವಲ್ಲ. ವೋಲ್ಟನ್ನು ಸ್ಥಿರವಾಗಿಡುವ ಭಾಗ ಅದರೊಳಗೆ ಇರುವುದಿಲ್ಲ, ಸೆಟ್ಟು ಕರೆಂಟು ಎಳೆಯತೊಡಗಿದಾಗ ಇಳಿಯುತ್ತದೆ. ಹಾಗಿದ್ದರೂ ಹಳೇ ಅಡಾಪ್ಟರಿನ ವೈರ್ ಒಡೆದಿದ್ದರೆ ಹೊಸದು ತೆಗೆದುಕೊಳ್ಳಿ. 9 ವೋಲ್ಟ್, 1 ಆಂಪಿಯರ್ ಸಾಕು. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಸೆಟ್ಟು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟು ಮತ್ತು ಪ್ಲಸ್-ಮೈನಸ್ ಮಾತ್ರ ತಪ್ಪಬಾರದು.

ಮುಚ್ಚಳ ತೆಗೆದು ಒಳಗೆ ನೋಡಿ

ಅಡಾಪ್ಟರ್ ಕಿತ್ತಿಟ್ಟು, ಸೆಟ್ಟಿನ ಕೆಳಗಿನ ಸ್ಕ್ರೂ ಬಿಚ್ಚಿ. ಐದಾರು ಇರುತ್ತವೆ. ಒಳಗೆ ನಿಮಗೆ ಅಚ್ಚರಿಯಾಗುವಷ್ಟು ಖಾಲಿ ಜಾಗ. ಒಂದು ಪುಟ್ಟ ಹಸಿರು ಬೋರ್ಡು, ಅದರ ಮೇಲೆ ಕರೀ ಟಾರಿನ ಹನಿಯಂಥ ಒಂದು ಗುಡ್ಡೆ. ಹಳೇ ಸೆಟ್ಟಾದರೆ ಕಾಲುಗಳಿರುವ ಉದ್ದನೆಯ ಐಸಿಗಳು, ಅಂದರೆ ಚಿಪ್‌ಗಳು. ಆ ಕರೀ ಗುಡ್ಡೆಯೊಳಗೇ ಇಡೀ ಯಂತ್ರ ಇದೆ. ಅದು ಹೋಗಿದ್ದರೆ ನಾವು ಏನೂ ಮಾಡಲಾಗದು. ಆದರೆ ಅದು ಹೋಗುವುದು ಅಪರೂಪ.

ಜಿರಳೆ ಹಿಕ್ಕೆ, ಜೇಡರ ಬಲೆ, ಹಸಿರು ಕಿಲುಬು, ಇವನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ನಿಂತ ಪೀಪಾಯಿಯ ಹಾಗಿರುವ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಬದಲಿಸಬೇಕು. ಅದರ ಮೈಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ನೋಡಿಕೊಂಡು ಅದೇ ಅಳತೆಯದ್ದು ತನ್ನಿ. ಕೆಲವು ರೂಪಾಯಿಗಳ ಮಾತು. ಬೆಸುಗೆ ಬರದಿದ್ದರೆ ಊರಿನ ರೇಡಿಯೋ ರಿಪೇರಿಯವರ ಹತ್ತಿರ ಕೊಡಿ. ಐದು ನಿಮಿಷದ ಕೆಲಸ ಅವರಿಗೆ.

ಅಲ್ಯೂಮಿನಿಯಂ ತಗಡಿಗೆ ಸ್ಕ್ರೂ ಹಾಕಿರುವ ಮೂರು ಕಾಲಿನ ಭಾಗ ಕಂಡರೆ ಅದೇ 7805. ಅಡಾಪ್ಟರಿನಿಂದ ಬಂದದ್ದನ್ನು 5 ವೋಲ್ಟಿಗೆ ಇಳಿಸುವುದು ಅದರ ಕೆಲಸ. ಅಕ್ಷರ ನಿಮ್ಮ ಕಡೆ ಇರುವಂತೆ ಹಿಡಿದರೆ ಎಡಗಾಲಿಗೆ ಒಳಬರುವ ಕರೆಂಟು, ನಡುವಿನದು ಗ್ರೌಂಡು, ಬಲಗಾಲಿನಿಂದ 5 ವೋಲ್ಟ್ ಹೊರಗೆ. ಸರಿಯಾದ ಅಡಾಪ್ಟರ್ ಹಾಕಿ, ಸ್ವಿಚ್ ಒತ್ತಿ, ನಡುಗಾಲು ಮತ್ತು ಬಲಗಾಲಿನ ನಡುವೆ ಅಳೆಯಿರಿ. 5ರ ಆಸುಪಾಸು ಬಂದರೆ ಅರ್ಧ ಗೆದ್ದಿರಿ. ನಮ್ಮ ಸೆಟ್ಟಿನಲ್ಲಿ ಅದು ಸತ್ತಿತ್ತು. ಹೊಸದು ಹಾಕಿದ ತಕ್ಷಣ ಕೆಂಪು ದೀಪ ಹತ್ತಿತು. ಆ ದೀಪ ನೋಡಿ ಅಮ್ಮನನ್ನು ಕೂಗಿದೆ.

ಕ್ಯಾಸೆಟ್: ಊದಬೇಡಿ

ಚಿತ್ರ ಬರದಿದ್ದರೆ ಕ್ಯಾಸೆಟ್ ತೆಗೆಯುವುದು, ಉಫ್ ಅಂತ ಊದುವುದು, ಮತ್ತೆ ಒತ್ತುವುದು. ನಾವೆಲ್ಲ ಮಾಡಿದ್ದು ಇದನ್ನೇ, ಅಲ್ವಾ? ಊದಿದ್ದಕ್ಕೇ ಬಂತು ಅಂತ ನಂಬಿದ್ದೆವು. ಬಂದದ್ದು ತೆಗೆದು ಹಾಕಿದ್ದಕ್ಕೆ. ಪಿನ್ನುಗಳು ಒಮ್ಮೆ ಉಜ್ಜಿಕೊಂಡು ಮತ್ತೆ ಸರಿಯಾಗಿ ತಾಗಿದ್ದವು. ಊದಿದ ಗಾಳಿಯಲ್ಲಿ ಉಗುಳಿನ ಪಸೆ ಇರುತ್ತದೆ. ಅದು ತಾಮ್ರದ ಪಟ್ಟಿಯ ಮೇಲೆ ಕೂತು ಕಿಲುಬು ಬರಿಸುತ್ತದೆ. ಮಲೆನಾಡಿನ ಮಳೆಗಾಲವೂ ಸೇರಿದರೆ ಕೇಳುವುದೇ ಬೇಡ. ನಮ್ಮ ಕ್ಯಾಸೆಟ್‌ಗಳ ಅಂಚು ಹಳೇ ದೇವರ ತಂಬಿಗೆಯ ಹಾಗೆ ಹಸಿರಾಗಿತ್ತು.

ಬೇಕಾದದ್ದು ಐಸೋಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಸಾಮಾನು ಮಾರುವವರ ಹತ್ತಿರ ಐಪಿಎ ಅಂತ ಕೇಳಿದರೆ ಕೊಡುತ್ತಾರೆ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಸಾಮಾನು ಮಾರುವ ಎಸ್‌.ಪಿ. ರೋಡ್ ಗೊತ್ತೇ ಇದೆ. ಕೆಪಾಸಿಟರ್, 7805 ಕೂಡ ಅಲ್ಲೇ ಸಿಗುತ್ತವೆ. ನೀರು ಬೆರೆತ ಸ್ಪಿರಿಟ್ ಬೇಡ. ಐಪಿಎ ಬೇಗ ಬೆಂಕಿ ಹತ್ತುವಂಥದ್ದು. ದೇವರ ದೀಪ, ಒಲೆ ಇರುವ ಕಡೆ ಕೂರಬೇಡಿ, ಕಿಟಕಿ ತೆಗೆದಿರಲಿ.

ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ, ಕ್ಯಾಸೆಟ್ಟಿನ ಬಾಯಲ್ಲಿ ಕಾಣುವ ಪಟ್ಟಿಗಳನ್ನು ಒರೆಸಿ. ಒಂದು ಬದಿಗೆ 30, ಇನ್ನೊಂದು ಬದಿಗೆ 30. ಒಳಗಿನಿಂದ ಅಂಚಿನ ಕಡೆಗೆ, ಪಟ್ಟಿಯ ಉದ್ದಕ್ಕೆ ಎಳೆಯಿರಿ. ಮೊದಲ ಕಡ್ಡಿ ಕಪ್ಪಾಗಿ ಬರುತ್ತದೆ, ಎರಡನೆಯದು ಕಂದು, ಐದನೆಯದು ಬೆಳ್ಳಗೆ. ಬೆಳ್ಳಗೆ ಬರುವ ತನಕ ಬಿಡಬೇಡಿ. ಆಮೇಲೂ ಕಲೆ ಉಳಿದರೆ ಮೆತ್ತನೆ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನೆಲ್ಲ ಒರೆಸಿ ತೆಗೆಯಿರಿ. ಉಪ್ಪುಕಾಗದ ಮುಟ್ಟಲೇಬೇಡಿ. ಪಟ್ಟಿಯ ಮೇಲಿನ ತೆಳು ಲೇಪ ಹೋದರೆ ಮತ್ತೆ ಬರುವುದಿಲ್ಲ. ಕ್ಯಾಸೆಟ್ಟಿಗೆ ಅಂಟಿಸಿದ ಚೀಟಿಯ ಮೇಲೆ ಐಪಿಎ ಬೀಳದಂತೆಯೂ ನೋಡಿಕೊಳ್ಳಿ, ಬಣ್ಣ, ಪೆನ್ನಿನ ಬರಹ ಎರಡನ್ನೂ ತಿಂದುಬಿಡುತ್ತದೆ.

ಹತ್ತು ನಿಮಿಷ ಒಣಗಲಿ. ಕರೆಂಟು ಇಲ್ಲದೆಯೇ ಕ್ಯಾಸೆಟ್ಟನ್ನು ಸೆಟ್ಟಿಗೆ ಐದಾರು ಸಲ ಹಾಕಿ ತೆಗೆಯಿರಿ. ಸೆಟ್ಟಿನ ಬಾಯಿಯೂ ಚೊಕ್ಕಟವಾಗುತ್ತದೆ. ಆನ್ ಇರುವಾಗ ಮಾತ್ರ ಎಂದೂ ಕೀಳಬೇಡಿ.

ಈಗ ಪರದೆ ಏನು ಹೇಳುತ್ತದೆ ನೋಡಿ. ಬರೀ ಒಂದೇ ಬಣ್ಣ ತುಂಬಿದ್ದರೆ ಕ್ಯಾಸೆಟ್ ತಾಗುತ್ತಿಲ್ಲ. ಆಟ ನಡೆಯುತ್ತಿದೆ, ಸದ್ದೂ ಸರಿ ಇದೆ, ಆದರೆ ಮಾರಿಯೋ ಇರಬೇಕಾದಲ್ಲಿ ಚೂರುಚೂರು ಅಕ್ಷರ ಕಂಡರೆ ಒಂದೆರಡು ಪಟ್ಟಿ ಮಾತ್ರ ತಾಗುತ್ತಿಲ್ಲ. ಇನ್ನೊಮ್ಮೆ ಒರೆಸಿ. ಚಿತ್ರ ಕಪ್ಪುಬಿಳುಪಾಗಿ ಬಂದರೆ ತಪ್ಪು ಕ್ಯಾಸೆಟ್ಟಿನದ್ದಲ್ಲ. ಟೀವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಅನ್ನುವುದನ್ನು ಪಾಲ್‌ಗೆ ಬದಲಿಸಿ. ಪರದೆಯ ಮೇಲೆ ಅಡ್ಡ ಅಲೆ ನಿಧಾನವಾಗಿ ಏರುತ್ತಿದ್ದರೆ ಅಡಾಪ್ಟರ್ ಅಥವಾ ಕೆಪಾಸಿಟರ್ ಸೋತಿದೆ.

ಜಾಯ್‌ಸ್ಟಿಕ್

ಗುಂಡಿ ಒತ್ತಿದರೂ ಜಿಗಿಯದಿದ್ದರೆ ಹಿಂದಿನ ಸ್ಕ್ರೂ ಬಿಚ್ಚಿ. ಗುಂಡಿಯ ಕೆಳಗೆ ರಬ್ಬರು, ರಬ್ಬರಿನ ತಳದಲ್ಲಿ ಕರೀ ಬಿಲ್ಲೆ. ಬೋರ್ಡಿನ ಕಪ್ಪು ಭಾಗವನ್ನು ಐಪಿಎಯಲ್ಲಿ ತುಂಬಾ ಹಗುರವಾಗಿ ಒರೆಸಿ. ರಬ್ಬರನ್ನು ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಒಂದು ಗುಂಡಿಯೂ ಕೆಲಸ ಮಾಡದಿದ್ದರೆ ವೈರು ತುಂಡಾಗಿದೆ. ಅದು ತುಂಡಾಗುವುದು ಬಹುತೇಕ ಜಾಯ್‌ಸ್ಟಿಕ್ಕಿನಿಂದ ಹೊರಬರುವ ಕುತ್ತಿಗೆಯ ಹತ್ತಿರ. ನಾವು ಜಿಗಿಯುವಾಗ ಜಾಯ್‌ಸ್ಟಿಕ್ಕನ್ನೂ ಮೇಲಕ್ಕೆ ಎಳೆಯುತ್ತಿದ್ದೆವಲ್ಲ, ಆ ಎಳೆತದ ಫಲ. ಒಳಗೆ ಐದೇ ಎಳೆ. ಎಂಟು ಗುಂಡಿಗೆ ಐದೇ ಎಳೆ ಹೇಗೆ ಸಾಲುತ್ತದೆ ಅಂದರೆ, ಎಂಟು ಗುಂಡಿಗಳ ಸ್ಥಿತಿಯನ್ನೂ ಒಂದರ ಹಿಂದೆ ಒಂದು ಒಂದೇ ಎಳೆಯಲ್ಲಿ ಸಾಲಾಗಿ ಕಳಿಸುತ್ತದೆ. ಉಳಿದವು ಕರೆಂಟು, ಗ್ರೌಂಡು ಮತ್ತು ಹೊತ್ತು ಹೇಳುವ ಎರಡು ಎಳೆ. ಹಾಳಾದ ಎರಡಿಂಚು ಕತ್ತರಿಸಿ ಮತ್ತೆ ಬೆಸೆಯಿರಿ. ಬಿಚ್ಚುವ ಮೊದಲು ಯಾವ ಬಣ್ಣ ಎಲ್ಲಿದೆ ಅಂತ ಫೋಟೋ ತೆಗೆಯಿರಿ. ಈ ಬಣ್ಣಗಳು ಸೆಟ್ಟಿನಿಂದ ಸೆಟ್ಟಿಗೆ ಬೇರೆ.

ಎರಡನೇ ಜಾಯ್‌ಸ್ಟಿಕ್ಕನ್ನೂ ಈಗಲೇ ರಿಪೇರಿ ಮಾಡಿ. ಒಂದು ಸಾಕು, ಇನ್ನೊಂದು ಆಮೇಲೆ ಅನ್ನಬೇಡಿ. ಇಬ್ಬರು ಸೇರಿ ಆಡುವ ಕಾಂಟ್ರಾ ಆಟದ ಮೂರನೇ ಸ್ಟೇಜಿನ ಜಲಪಾತ ನೆನಪಿದೆಯಾ? ಒಬ್ಬರು ಅವಸರದಲ್ಲಿ ಮೇಲೆ ಹತ್ತಿದರೆ ಪರದೆಯೂ ಮೇಲೆ ಸರಿಯುತ್ತದೆ, ಕೆಳಗೆ ಉಳಿದವರು ಸಾಯುತ್ತಾರೆ. ಅಕ್ಕ ಯಾವಾಗಲೂ ಕಾಯುತ್ತಿದ್ದಳು. ನಾನು ಕಾಯುತ್ತಿರಲಿಲ್ಲ. ಟ್ಯಾಂಕ್ ಗೇಮಿನಲ್ಲಿ ಜೊತೆಯವರಿಗೆ ನಮ್ಮ ಗುಂಡು ಬಿದ್ದರೆ ಅವರು ಸ್ವಲ್ಪ ಹೊತ್ತು ಮರಗಟ್ಟಿ ನಿಲ್ಲುತ್ತಾರೆ. ಆ ಹೊತ್ತಿನಲ್ಲೇ ಶತ್ರು ಬಂದು ನಾವು ಕಾಯಬೇಕಾದ ಹದ್ದನ್ನು ಒಡೆಯುತ್ತಾನೆ. ಆಮೇಲೆ ಇಬ್ಬರಿಗೂ ಮಾತಿಲ್ಲ. ಬ್ಯಾಟಲ್ ಸಿಟಿ ಅನ್ನುವ ಆ ಆಟವನ್ನು ಜಪಾನಿನ ನಾಮ್ಕೊ ಕಂಪನಿ 1985ರಲ್ಲಿ ತಂದಿತು. ಅದರಲ್ಲಿ 35 ಸ್ಟೇಜು, ಒಂದೊಂದರಲ್ಲೂ 20 ಟ್ಯಾಂಕು. ಪ್ರತಿ ಸ್ಟೇಜಿನಲ್ಲಿ 4, 11 ಮತ್ತು 18ನೇ ಟ್ಯಾಂಕು ಮಿನುಗುತ್ತಾ ಬರುತ್ತವೆ, ಅವನ್ನು ಹೊಡೆದರೆ ಬಹುಮಾನ. ಇದು ಆಗ ಗೊತ್ತಿದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತೋ!

ಟೀವಿಗೆ ಸೇರಿಸುವುದು

ಮನೆಯಲ್ಲಿ ಹಳೇ ಡಬ್ಬದ ಟೀವಿ ಇದ್ದರೆ, ಅದು ಓಡುತ್ತಿದ್ದರೆ, ಅದೇ ಎಲ್ಲಕ್ಕಿಂತ ಒಳ್ಳೆಯದು. ಹಳದಿ ಪಿನ್ ಚಿತ್ರಕ್ಕೆ, ಬಿಳಿ ಅಥವಾ ಕೆಂಪು ಸದ್ದಿಗೆ. ಆ ಟೀವಿ ಕೆಟ್ಟಿದ್ದರೆ ಮಾತ್ರ ನೀವೇ ಬಿಚ್ಚಬೇಡಿ. ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಹೊಸ ಟೀವಿಯಲ್ಲಿ ಮೂರು ಬಣ್ಣದ ತೂತು ಕಾಣದಿದ್ದರೆ ಹೆಡ್‌ಫೋನಿನಷ್ಟು ಸಣ್ಣ ತೂತಿನ ಪಕ್ಕ ಎವಿ ಇನ್ ಅಂತ ಇದೆಯಾ ಹುಡುಕಿ. ಅದೂ ಇಲ್ಲದಿದ್ದರೆ ಒಂದು ಕನ್ವರ್ಟರ್ ಬೇಕು. ಕೊಳ್ಳುವಾಗ ಎವಿಯಿಂದ ಎಚ್‌ಡಿಎಂಐಗೆ ಅಂತ ಸರಿಯಾಗಿ ಕೇಳಿ. ಉಲ್ಟಾದ್ದು ನೋಡಲು ಹಾಗೇ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಮೊಬೈಲ್ ಚಾರ್ಜರಿನಿಂದ 5 ವೋಲ್ಟ್ ಕೊಡಬೇಕು.

ಟೀವಿಯಲ್ಲಿ ಗೇಮ್ ಮೋಡ್ ಹಾಕಿ, ಇಲ್ಲದಿದ್ದರೆ ಒತ್ತಿದ್ದಕ್ಕೂ ಜಿಗಿದದ್ದಕ್ಕೂ ಅಂತರ ಬೀಳುತ್ತದೆ. ಚಿತ್ರದ ಅಳತೆಯನ್ನು 4:3ಕ್ಕೆ ಇಡಿ. ಇಲ್ಲದಿದ್ದರೆ ಮಾರಿಯೋ ಚಪ್ಪಟೆಯಾಗಿ ಹರಡುತ್ತಾನೆ. ಅಂಚಿನಲ್ಲಿ ಕಪ್ಪು ಪಟ್ಟಿ ಬರಲಿ ಬಿಡಿ.

ಸೆಟ್ಟಿಗೆ ಆರ್‌ಎಫ್ ವೈರು ಮಾತ್ರ ಇದ್ದರೆ ಅದನ್ನು ಆಂಟೆನಾ ತೂತಿಗೆ ಹಾಕಿ, ಆಟ ಆನ್ ಇಟ್ಟುಕೊಂಡೇ ಅನಲಾಗ್ ಚಾನೆಲ್ ಸರ್ಚ್ ಮಾಡಿ.

ಗನ್ನಿನ ವಿಷಯ ಹೇಳಲು ಬೇಜಾರು. ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟದ ಗನ್ ಎಲ್‌ಇಡಿ ಟೀವಿಯಲ್ಲಿ ನಡೆಯುವುದಿಲ್ಲ. ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ಬರೀ ಬೆಳಕು ನೋಡುವ ಕಣ್ಣು. ಕುದುರೆ ಎಳೆದ ಕ್ಷಣ ಪರದೆ ಒಮ್ಮೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಕಪ್ಪಿನ ಹಿಂದೆಯೇ ಆ ಬಿಳುಪು ಕಂಡರೆ ಗುರಿ ತಾಗಿದ ಹಾಗೆ. ಹೊಸ ಟೀವಿ ಚಿತ್ರವನ್ನು ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ಡಬ್ಬದ ಟೀವಿ ಇರುವವರಿಗೆ ಒಂದು ಗುಟ್ಟು: ಒಂದೇ ಬಾತುಕೋಳಿ ಬರುವ ಆಟದಲ್ಲಿ, ಇನ್ನೊಬ್ಬರು ಜಾಯ್‌ಸ್ಟಿಕ್ಕಿನ ದಿಕ್ಕಿನ ಗುಂಡಿ ಒತ್ತಿದರೆ ಕೋಳಿ ಆ ಕಡೆ ತಿರುಗುತ್ತದೆ. ಮಕ್ಕಳಿಗೆ ಕೋಳಿಯನ್ನು ಕೊಟ್ಟು ನೋಡಿ.

ಸೆಟ್ಟು ಏಳಲೇ ಇಲ್ಲ ಅಂದರೆ

ಆಗ ಎಮ್ಯುಲೇಟರ್ ಇದೆ, ಅಂದರೆ ಹಳೇ ಯಂತ್ರದ ಹಾಗೇ ನಡೆದುಕೊಳ್ಳುವ ಸಾಫ್ಟ್‌ವೇರ್. ಆಟಗಳ ಹಕ್ಕು ಇನ್ನೂ ಅವರವರ ಕಂಪನಿಗಳದ್ದೇ, ಆದ್ದರಿಂದ ಸಿಗುವ ಕಡೆ ದುಡ್ಡು ಕೊಟ್ಟೇ ತೆಗೆದುಕೊಳ್ಳಿ. ಕಾಂಟ್ರಾ ಮಾಡಿದ ಕೊನಾಮಿ ಕಂಪನಿ 2019ರಲ್ಲಿ ಹಳೇ ಕಾಂಟ್ರಾ ಆಟಗಳಲ್ಲಿ ಹಲವನ್ನು ಸೇರಿಸಿ ಒಂದು ಸಂಗ್ರಹವಾಗಿ ತಂದಿದೆ. ಕಂಪ್ಯೂಟರಿನಲ್ಲೂ ಆಡಬಹುದು.

ಮೆಸೆನ್, ಎಫ್‌ಸಿಇಯುಎಕ್ಸ್ ಎಂಬ ಎಮ್ಯುಲೇಟರ್‌ಗಳಲ್ಲಿ ರೀಜನ್ ಎಂಬ ಕಡೆ ಡೆಂಡಿ ಅನ್ನುವ ಆಯ್ಕೆ ಇದೆ. ಡೆಂಡಿ ಅಂದರೆ ರಷ್ಯಾದಲ್ಲಿ 1992ರಿಂದ ಮಾರಾಟವಾದ, ನಮ್ಮ ಸೆಟ್ಟುಗಳಂಥದ್ದೇ ಒಂದು ಯಂತ್ರ. ಅದನ್ನು ಆರಿಸಿ. ಆಟ 50ಕ್ಕೆ ಇಳಿಯುತ್ತದೆ. ಮಾರಿಯೋದ ಮೊದಲ ಸ್ಟೇಜಿನ ಹಾಡು ಕೇಳಿ. ರಜೆಯ ಮಧ್ಯಾಹ್ನ ಚಾಪೆಯ ಮೇಲೆ ಕೂತು ಕೇಳಿದ್ದು ಇದೇ ನಡೆಯಲ್ಲಿ.

ಎತ್ತಿಡುವಾಗ

ಆಡಿ ಮುಗಿದ ಮೇಲೆ ವೈರುಗಳನ್ನು ಸೆಟ್ಟಿಗೆ ಬಿಗಿಯಾಗಿ ಸುತ್ತಬೇಡಿ, ಸಡಿಲವಾಗಿ ಮಡಚಿ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಅರ್ಧ ಗಂಟೆ ಓಡಿಸಿ.

ಇನ್ನೊಂದು ಕೆಲಸ ಇದೆ. 9999 ಆಟ ಅಂತ ಬರೆದಿರುವ ಕ್ಯಾಸೆಟ್ಟಿನಲ್ಲಿ ನಿಜವಾದ ಆಟ ಕೆಲವೇ. ಉಳಿದವು ಅವೇ ಆಟಗಳು, ಬೇರೆ ಹೆಸರು, ಬೇರೆ ಸ್ಟೇಜಿನಿಂದ ಶುರು. ಒಂದೊಂದನ್ನೇ ತೆರೆದು ಯಾವ ನಂಬರಿಗೆ ಯಾವ ಆಟ ಅಂತ ಒಂದು ಚೀಟಿ ಬರೆದು ಡಬ್ಬದಲ್ಲಿಡಿ. ನಾನು ಬರೆಯಲು ಕೂತಾಗ ರಟ್ಟಿನ ಡಬ್ಬದ ಒಳಮುಚ್ಚಳದಲ್ಲಿ ನೀಲಿ ಬಾಲ್‌ಪೆನ್ನಿನ ಅಕ್ಷರ ಕಂಡಿತು. "3 ಮಾರಿಯೋ, 7 ಟ್ಯಾಂಕ್, 12 ಸರ್ಕಸ್, 19 ಮುಟ್ಟಬೇಡ". ಅಕ್ಕನ ಅಕ್ಷರ. 19 ಹಾಕಿದರೆ ಸೆಟ್ಟು ಅಲ್ಲೇ ನಿಂತುಬಿಡುತ್ತಿತ್ತು. ಫೋಟೋ ತೆಗೆದು ಅವಳಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಫೋನ್ ಬಂತು. "ಟ್ಯಾಂಕಿಗೆ ಎರಡನೇ ಜಾಯ್‌ಸ್ಟಿಕ್ ಸರಿ ಮಾಡಿದೀಯೇನೋ?" ಅಂತಲೇ ಮಾತು ಶುರು ಮಾಡಿದಳು. ಯುಗಾದಿಗೆ ಬರುತ್ತಾಳಂತೆ. ಮಕ್ಕಳನ್ನೂ ಕರೆದುಕೊಂಡು.